ಜೌಗಿನ ಬದಿಯ ಎರಡು ಕಾರು

"ಅಲ್ಲಾಡಬೇಡ."

ಪಿಸುಮಾತು ಹಿಂದಿನಿಂದ ಬಂತು. ಅದರ ಜೊತೆಗೇ ಯಾರೋ ಎಲ್ವೀರಾಳ ಎರಡೂ ಬೂಟುಗಳನ್ನು ಹಿಮ್ಮಡಿಯ ಹತ್ತಿರ ಗಟ್ಟಿಯಾಗಿ ಹಿಡಿದುಕೊಂಡರು.

ಅವಳು ಅಲ್ಲಾಡಲಿಲ್ಲ. ಅಲ್ಲಾಡುವ ಸ್ಥಿತಿಯಲ್ಲೂ ಇರಲಿಲ್ಲ. ಜೌಗಿನ ಒದ್ದೆ ಪಾಚಿಯ ಮೇಲೆ ಬೋರಲು ಮಲಗಿದ್ದಳು. ಕಣ್ಣಿಗೆ ಕ್ಯಾಮೆರಾ. ಕ್ಯಾಮೆರಾದ ತುಂಬ ಒಂದೇ ಒಂದು ಮುಖ. ಉದ್ದನೆಯ ಮೂತಿ, ಜೋತುಬಿದ್ದ ಮೇಲ್ದುಟಿ, ಎಡಗಿವಿಯಲ್ಲಿ ತುದಿಯಿಂದ ಬುಡದವರೆಗೂ ಒಂದು ಸೀಳು. ಜಿಂಕೆ ಜಾತಿಯದೇ ಆದರೂ ಕುದುರೆಗಿಂತ ಎತ್ತರದ ಹೆಣ್ಣು ಮೂಸ್, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಅವಳನ್ನೇ ನೋಡುತ್ತಿತ್ತು.

ಅದರ ಕಿವಿಗಳು ನಿಧಾನವಾಗಿ ಹಿಂದಕ್ಕೆ ಮಡಚಿಕೊಂಡವು. ಹೆಗಲ ಮೇಲಿನ ಕೂದಲು ನೆಟ್ಟಗಾಯಿತು. ನಾಲಿಗೆಯಿಂದ ತುಟಿ ಸವರಿಕೊಂಡಿತು.

ಎಷ್ಟು ಚೆಂದ ಇದೆ... ಎಂದುಕೊಂಡು ಎಲ್ವೀರಾ ಕ್ಲಿಕ್ಕಿಸಿದಳು.

"ಅದು ನಿನ್ನ ನೋಡಿ ನಗ್ತಾ ಇಲ್ಲ," ಪಿಸುಮಾತು ಮತ್ತೆ ಬಂತು. "ನಿನ್ನ ಎಡಕ್ಕೆ, ಪೊದೆಯಲ್ಲಿ ಅದರ ಮರಿ ಇದೆ. ತಾಯಿಗೂ ಮರಿಗೂ ಮಧ್ಯ ಬಂದು ಮಲಗಿದೀಯ. ಕೈ ಮುಂದಕ್ಕೆ ಚಾಚು. ನಾನು ಎಳೀತೀನಿ."

ಎಲ್ವೀರಾ ಕೈ ಮುಂದಕ್ಕೆ ಚಾಚಿದಳು.

ಅವನು ಎಳೆದ. ಒಮ್ಮೆಗೆ ಒಂದು ಗೇಣು. ನಿಲ್ಲುವುದು, ಕಾಯುವುದು, ಮತ್ತೆ ಒಂದು ಗೇಣು. ಅವಳ ಎದೆ, ಹೊಟ್ಟೆ, ಗಲ್ಲ ಎಲ್ಲ ಜೌಗನ್ನು ಒರೆಸುತ್ತ ಹಿಂದಕ್ಕೆ ಸರಿದವು. ಅಷ್ಟರಲ್ಲಿ ಪೊದೆ ಅಲುಗಿತು. ಕೆಂಗಂದು ಬಣ್ಣದ, ಬರೀ ಕಾಲುಗಳೇ ಇದ್ದಂತಿದ್ದ ಮರಿ ಹೊರಬಂದು ತಾಯಿಯ ಹೊಟ್ಟೆಯಡಿ ನುಗ್ಗಿತು. ಅದರ ಹಿಂದೆಯೇ ಇನ್ನೊಂದು. ತಾಯಿಯ ಕಿವಿಗಳು ಮುಂದಕ್ಕೆ ಬಂದವು. ಮೂರೂ ಮಂಜಿನೊಳಗೆ ಹೊರಟುಹೋದವು, ಅವಸರವೇ ಇಲ್ಲದಂತೆ.

ಬೂಟು ಹಿಡಿದ ಕೈ ಸಡಿಲವಾಯಿತು.

ಎಲ್ವೀರಾ ಎದ್ದು ಕುಳಿತು ತಿರುಗಿದಳು. ಮೂವತ್ತರ ಆಸುಪಾಸಿನ ಗಂಡಸು. ಒದ್ದೆ ಗಡ್ಡ. ಪಕ್ಕದಲ್ಲಿ ಒಂದು ಬಕೆಟ್, ಒಂದು ಗಾಳ. ಅವನು ಅವಳ ಮುಖ ನೋಡುತ್ತಿರಲಿಲ್ಲ. ಅವಳ ಅಂಗಿ ನೋಡುತ್ತಿದ್ದ. ಅಂಗಿಯ ತುಂಬ ಜೇನಿನ ಬಣ್ಣದ ಮುದ್ದೆ ಅಂಟಿಕೊಂಡಿತ್ತು.

"ನೀನು ಯಾವುದರ ಮೇಲೆ ಮಲಗಿದ್ದೆ ಗೊತ್ತಾ?" ಎಂದು ಕೇಳಿದ ಅವನು. ದನಿಯಲ್ಲಿ ಸಾವು ನೋಡಿದವನ ದುಃಖವಿತ್ತು. "ನಮ್ಮಜ್ಜಿಯ ಹಣ್ಣಿನ ಮೇಲೆ."

ಆಗ ಅವಳು ಸುತ್ತ ನೋಡಿದಳು. ಜೌಗಿನ ಉದ್ದಕ್ಕೂ, ಮಂಜು ತೆರೆದಲ್ಲೆಲ್ಲ, ಒಂದೊಂದು ಕಡ್ಡಿಯ ತುದಿಯಲ್ಲಿ ಒಂದೊಂದೇ ಹಣ್ಣು. ಸಾವಿರಾರು. ಯೂರ್ಟ್ರೋನ್, ಜೌಗಿನಲ್ಲಷ್ಟೇ ಬಿಡುವ, ಜನ ಚಿನ್ನದಂತೆ ಕಾಯುವ ಕಾಡುಹಣ್ಣು.

"ಜೀವ ಉಳಿಸಿದ್ದಕ್ಕೆ ಥ್ಯಾಂಕ್ಸ್," ಎಂದಳು. "ನಾನು ಎಲ್ವೀರಾ..."

"ಗೊತ್ತು. ಅಂಚೆಯವಳು. ದಕ್ಷಿಣದ ಮಾಲ್ಮೋ ಪಟ್ಟಣದವಳು. ಈ ಜಾಗ ಯಾರು ತೋರಿಸಿದ್ರು?"

"ಮೂಸ್."

"ತಮಾಷೆ ಬೇಡ."

"ತಮಾಷೆ ಅಲ್ಲ. ಅದರ ಹೆಜ್ಜೆ ಹಿಡ್ಕೊಂಡು ನಾಲ್ಕು ದಿನ ನಡೆದಿದೀನಿ. ಹಣ್ಣು ಇದೆ ಅಂತ ನಾನು ನೋಡ್ಲೇ ಇಲ್ಲ."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಯೂರ್ಟ್ರೋನ್ ತುಂಬಿದ ಜೌಗಿನ ನಡುವೆ ಮಲಗಿ ಹಣ್ಣು ನೋಡಲೇ ಇಲ್ಲ ಎನ್ನುವ ಮನುಷ್ಯರು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡು," ಎಂದ ಕೊನೆಗೆ.

"ಕೊಟ್ಟೆ."

"ನೀನು ನಗ್ತಾ ಇದೀಯ. ನಗೋ ವಿಷಯ ಅಲ್ಲ ಇದು. ನಮ್ಮಪ್ಪ ಮದುವೆಯಾಗಿ ಹನ್ನೊಂದು ವರ್ಷ ಆದಮೇಲೆ ಅಮ್ಮನಿಗೆ ಈ ಜಾಗ ತೋರಿಸಿದ್ದು."

ಎಲ್ವೀರಾಳಿಗೆ ನಗು ತಡೆಯಲಾಗಲಿಲ್ಲ. ಅವನು ಮುಖ ಗಂಟು ಹಾಕಿಕೊಂಡೇ ಕರವಸ್ತ್ರ ತೆಗೆದು ಅವಳಿಗೆ ಕೊಟ್ಟ. ಮತ್ತೆ ಏನನ್ನೋ ಯೋಚಿಸಿ, ಅವಳ ತೋಳಿಗೆ ಅಂಟಿಕೊಂಡಿದ್ದ, ಅಷ್ಟೇನೂ ಜಜ್ಜಿಹೋಗದ ಹಣ್ಣೊಂದನ್ನು ಎತ್ತಿ ತಾನೇ ತಿಂದ.

ಅವನ ಹೆಸರು ಹಾಲ್ವಾರ್.

*

ಇಲ್ಲಿ ಉತ್ತರದ ನಮ್ಮ ಕಡೆ ಜನ ಬೀಗದ ಕೈಯನ್ನು ಬಾಗಿಲ ಪಕ್ಕವೇ ನೇತುಹಾಕಿ ಹೋಗುತ್ತಾರೆ. ಆದರೆ ಯೂರ್ಟ್ರೋನ್ ಎಲ್ಲಿ ಬಿಡುತ್ತದೆ ಎಂದು ಹೇಳುವುದಿಲ್ಲ. ಹಾಲ್ವಾರ್‌ನ ಮನೆಯವರಂತೂ ಈ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದವರು. ಜೌಗಿಗೆ ಹತ್ತಿರದ ದಾರಿ ಮರದ ಲಾರಿಗಳು ತಿರುಗುವ ಮೈದಾನದಿಂದ. ಅಲ್ಲಿಂದ ಅರ್ಧ ಗಂಟೆ ನಡಿಗೆ. ಆದರೆ ಅವರು ಕಾರನ್ನು ಕೆರೆಯ ಆಚೆ ದಡದಲ್ಲಿ ನಿಲ್ಲಿಸಿ, ಹೆಗಲಿಗೆ ಗಾಳ ಏರಿಸಿ, ಮೀನು ಹಿಡಿಯುವವರಂತೆ ಹೊರಟು, ಐದು ಕಿಲೋಮೀಟರ್ ಕಾಡು ಸುತ್ತಿ ಬರುತ್ತಿದ್ದರು. ಎಂಬತ್ತಾರರ ಹಿಲ್ಡುರ್ ಅಜ್ಜಿ ಇದನ್ನು ಅರವತ್ತು ವರ್ಷ ಮಾಡಿದವಳು. ಈಗ ಅವಳ ಮೊಣಕಾಲು ಜೌಗು ದಾಟುವುದಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಮೊಮ್ಮಗ ಬಕೆಟ್ ತಂದು ಮುಂದಿಡುತ್ತಾನೆ. ಅವಳು ಒಂದು ಹಣ್ಣು ಬಾಯಿಗಿಟ್ಟು ಕಣ್ಣು ಮುಚ್ಚಿ, ಇದು ಒಣಗಿದ ಪೈನ್ ಮರದ ಹತ್ತಿರದ್ದು, ಇದು ನೀರಿನ ಅಂಚಿನದ್ದು ಎಂದು ಹೇಳುತ್ತಾಳೆ. ತಪ್ಪುವುದಿಲ್ಲ.

ಎಲ್ವೀರಾ ಬಂದಿದ್ದು ಬೇಸಿಗೆಯ ಬದಲಿ ಕೆಲಸಕ್ಕೆ. ಆಗಸ್ಟ್ ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಮುಂದುವರಿಯುವುದೋ ಬೇಡವೋ ಎಂದು ಕಾಗದದಲ್ಲಿ ಗುರುತು ಹಾಕಿ, ಸಹಿ ಮಾಡಿ ಇಪ್ಪತ್ತೆರಡನೇ ತಾರೀಕಿನ ಶುಕ್ರವಾರದೊಳಗೆ ತಿಳಿಸಬೇಕು ಎಂದಿದ್ದರು. ಆ ಕಾಗದ ಅವಳ ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಇತ್ತು.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಅವಳು ಜೌಗಿಗೆ ಹೋದಾಗ ಅವನು ಬಂದಿರಲಿಲ್ಲ. ಮೂಸ್ ಬಂದು, ಮೊಣಕಾಲವರೆಗೆ ನೀರಿಗಿಳಿದು, ತಲೆ ಮುಳುಗಿಸಿ ಬೇರು ಮೇಯ್ದು ಹೋದ ಮೇಲೆ ಅವನು ಬೆವರುತ್ತ ಬಂದ.

"ಹೋಯ್ತಾ?"

"ಈಗ ತಾನೇ."

"ಓ," ಎಂದು ಬಕೆಟ್ ಕೆಳಗಿಟ್ಟ. ಮುಖದಲ್ಲಿ ನಿರಾಸೆ. ಅದು ಮೂಸ್ ತಪ್ಪಿಹೋಗಿದ್ದಕ್ಕೆ ಎಂದು ಎಲ್ವೀರಾ ಭಾವಿಸಿದಳು.

ಅದರ ಮರುದಿನವೂ ಅಷ್ಟೇ. ಮೂರನೆಯ ದಿನ ಮಾತ್ರ ಅವಳು ಲಾರಿ ಮೈದಾನದಲ್ಲಿ ಕಾರಿನಿಂದ ಇಳಿಯುವಾಗಲೇ ಅವನ ಹಳೆಯ ಬೂದು ಕಾರು ಬಂದು ಅವಳ ಕೆಂಪು ಕಾರಿನ ಪಕ್ಕ ನಿಂತಿತು. ಅವನು ಏನೂ ವಿವರಣೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಇಬ್ಬರೂ ಜೊತೆಯಲ್ಲೇ ನಡೆದರು.

ಆ ಬೆಳಗುಗಳಲ್ಲಿ ಅವಳು ಮೂಸ್ ನೋಡುವುದನ್ನು ಕಲಿತಳು. ಅಲ್ಲಿಯವರೆಗೆ ಅವಳು ಕೇವಲ ಹುಡುಕುತ್ತಿದ್ದಳು.

"ಇಡೀ ಪ್ರಾಣಿ ಹುಡುಕಬೇಡ," ಎನ್ನುತ್ತಿದ್ದ ಅವನು. "ಮರಗಳ ಮಧ್ಯೆ ಅಡ್ಡ ಗೆರೆ ಹುಡುಕು. ಕಾಡಲ್ಲಿ ಎಲ್ಲ ನೆಟ್ಟಗೆ ನಿಂತಿರುತ್ತೆ. ಬೆನ್ನು ಒಂದೇ ಅಡ್ಡ ಇರೋದು."

ಗಾಳಿ ಯಾವ ಕಡೆ ಎಂದು ತಿಳಿಯಲು, ಜೌಗಿನಲ್ಲಿ ಬೆಳೆಯುವ ಹತ್ತಿಯಂಥ ಬಿಳಿ ಹೂವಿನ ಒಂದು ಎಳೆ ಕಿತ್ತು ಗಾಳಿಗೆ ಬಿಡುತ್ತಿದ್ದ. ಅದು ಅವಳ ಕೆನ್ನೆಗೆ ಬಂದು ಕೂತರೆ ಇಬ್ಬರೂ ಜಾಗ ಬದಲಿಸಬೇಕಾಗುತ್ತಿತ್ತು. ಅವನು ಹೇಳಿದ್ದು ಗಾಳಿಯ ಲೆಕ್ಕ. ಆದರೂ ಪ್ರತಿ ಸಲ ಆ ಎಳೆ ತನ್ನ ಕೆನ್ನೆಗೇ ಬರಲಿ ಎಂದು ಅವಳಿಗೆ ಅನ್ನಿಸುತ್ತಿತ್ತು... ನನಗೇನಾಗಿದೆ?

"ಇದಕ್ಕೆ ಹೆಸರಿಲ್ವಾ?" ಒಂದು ದಿನ ಕೇಳಿದಳು, ಸೀಳು ಕಿವಿಯ ತಾಯಿಯನ್ನು ನೋಡುತ್ತ.

"ಹೆಸರಿಡಲ್ಲ ನಾವು. ಹೆಸರಿಟ್ರೆ ಸೆಪ್ಟೆಂಬರ್‌ನ ಬೇಟೆ ಆದ್ಮೇಲೆ ಊಟ ಸೇರಲ್ಲ."

"ನೀನು ಇದನ್ನ ಹೊಡೀತೀಯಾ?"

"ಮರಿ ಜೊತೆಗಿರೋ ತಾಯಿನ ಯಾರೂ ಮುಟ್ಟೋ ಹಾಗಿಲ್ಲ."

"ಮರಿನ?"

ಅವನು ಬಕೆಟ್‌ನಿಂದ ಒಂದು ಎಲೆ ಆರಿಸಿ ತೆಗೆದ. ಬೇಟೆ ಇಲ್ಲಿಯವರ ಚಳಿಗಾಲದ ಊಟ, ಅದು ಅವಳಿಗೂ ಗೊತ್ತಿತ್ತು. ಅವನೇ ಹೇಳಿದ, "ಬೇಟೆ ದಿನ ಈ ಜೌಗಿನ ಕಡೆ ನಿಲ್ಲೋ ಸರದಿ ನನಗೇ ಬರಲಿ ಅಂತ ಆಸೆ. ನನ್ನ ಗುರಿ ಅಷ್ಟೇನೂ ಚೆನ್ನಾಗಿಲ್ಲ."

ಅವಳು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು.

ನಮ್ಮ ಕಡೆಯ ಇನ್ನೊಂದು ಅಭ್ಯಾಸ ಅವಳಿಗೆ ಕೊನೆಗೂ ರೂಢಿಯಾಗಲಿಲ್ಲ. ಇಲ್ಲಿ ಹೌದು ಎನ್ನಲು ಮಾತು ಬೇಕಿಲ್ಲ. ತುಟಿ ಚೂಪು ಮಾಡಿ ಉಸಿರನ್ನು ಸರಕ್ಕನೆ ಒಳಗೆಳೆದರೆ ಅದೇ ಹೌದು.

"ನಾಳೆಯೂ ಬರ್ತೀಯಾ?" ಎಂದು ಅವಳು ಮೊದಲ ಸಲ ಕೇಳಿದಾಗ ಅವನು ಹಾಗೆ ಉಸಿರೆಳೆದ.

"ಏನಾಯ್ತು, ಏನಾದ್ರೂ ಚುಚ್ಚಿತಾ?" ಎಂದು ಗಾಬರಿಯಾಗಿದ್ದಳು ಅವಳು.

*

ಆ ವಾರದಲ್ಲಿ ಅವಳು ತೆಗೆದ ಫೋಟೋಗಳಲ್ಲಿ ಎರಡು ಅವಳಿಗೇ ನಂಬಲಾಗದಷ್ಟು ಚೆನ್ನಾಗಿದ್ದವು.

ಒಂದರಲ್ಲಿ ಮರಿಯೊಂದು ಒಣ ಪೈನ್ ಮರದ ಬುಡದಲ್ಲಿ ಹಾರಿ, ನಾಲ್ಕೂ ಕಾಲು ನೆಲ ಬಿಟ್ಟಿತ್ತು. ಸುತ್ತ ಬಿಸಿಲು ಬಿದ್ದ ಹಣ್ಣುಗಳು ಕೆಂಡದಂತೆ ಹೊಳೆಯುತ್ತಿದ್ದವು. ಅಂಥ ಫೋಟೋ ಜೀವನದಲ್ಲಿ ಒಂದು ಸಿಗುತ್ತದೆ.

ಇನ್ನೊಂದರಲ್ಲಿ ತಾಯಿ ನೀರಿನಿಂದ ತಲೆ ಎತ್ತಿದೆ. ಮೂತಿಯಿಂದ ನೀರು ಸುರಿಯುತ್ತಿದೆ. ಹಿಂದೆ ಬರೀ ಮಂಜು.

ಜಿಲ್ಲೆಯ ಪತ್ರಿಕೆಗೆ ಅವಳು ಎರಡನೆಯದನ್ನು ಕಳಿಸಿದಳು. ಮೊದಲನೆಯದನ್ನು ಯಾರಿಗೂ ತೋರಿಸಲಿಲ್ಲ. ಆ ಪೈನ್ ಮರವನ್ನು ಗುರುತಿಸುವವರು ಊರಲ್ಲಿ ಯಾರಾದರೂ ಇದ್ದರೆ?

ಮಾತು ಕೊಟ್ಟಿದ್ದಳಲ್ಲ.

ಮಂಗಳವಾರ ಫೋಟೋ ಅಚ್ಚಾಯಿತು. ಅಂದು ಮನೆ ಮನೆಗೆ ಪತ್ರಿಕೆ ಹಾಕಿದ್ದೂ ಅವಳೇ. ಹಾಲ್ವಾರ್‌ನ ಡಬ್ಬಿಗೆ ಹಾಕುವಾಗ ಮಡಿಕೆ ಸರಿಮಾಡಿ, ಫೋಟೋ ಮೇಲೆ ಬರುವಂತೆ ಇಟ್ಟಳು.

ಬುಧವಾರ ಅವಳು ಜೌಗಿಗೆ ಹೋಗಲಿಲ್ಲ. ಅಂದು ಬೆಳಗಿನ ಪಾಳಿ ಬೇಗ ಇತ್ತು. ಮಧ್ಯಾಹ್ನ ಕವಲುದಾರಿಯ ಹತ್ತಿರ, ಹನ್ನೆರಡು ಅಂಚೆ ಡಬ್ಬಿಗಳು ಸಾಲಾಗಿ ನಿಂತ ಕಡೆ, ಅವನು ಕಾಯುತ್ತಿದ್ದ. ಅವಳು ನಗುತ್ತ ಕಿಟಕಿಯ ಗಾಜು ಇಳಿಸಿದಳು.

"ನೋಡಿದ್ಯಾ?" ಎಂದಳು.

"ನೋಡಿದೆ." ಅವನ ಮುಖ ಬಿಳಿಚಿತ್ತು. "ಜೌಗಿಂದಾನೇ ಬರ್ತಾ ಇದೀನಿ. ಒಂದು ಹಣ್ಣಿಲ್ಲ. ಎಲ್ಲ ಕಡೆ ಬೂಟಿನ ಗುರುತು. ಆರೇಳು ಜನ ಬಂದಿರಬೇಕು. ಬರೀ ಕಡ್ಡಿ ನಿಂತಿವೆ."

ಅವಳ ನಗು ಹಾಗೇ ಉಳಿದುಬಿಟ್ಟಿತು, ತೆಗೆಯಲು ಮರೆತಂತೆ.

"ಅರವತ್ತು ವರ್ಷ ಯಾರಿಗೂ ಸಿಗದ ಜಾಗ," ಎಂದ. "ಮಂಗಳವಾರ ನಿನ್ನ ಫೋಟೋ ಬರುತ್ತೆ, ಬುಧವಾರ ಜನ ಬರ್ತಾರೆ. ಪೇಪರ್‌ನವರು ಎಲ್ಲಿ ತೆಗೆದಿದ್ದು ಅಂತ ಕೇಳಿರ್ತಾರೆ. ನೀನು ಹೇಳಿರ್ತೀಯ. ನಿನಗೇನು, ಆಗಸ್ಟ್ ಮುಗಿದ್ರೆ ರೈಲು ಹತ್ತೋಳು."

"ಹಾಲ್ವಾರ್, ನಾನು..."

"ಅಜ್ಜಿಗೆ ನಾನೇನು ಹೇಳಲಿ? ಒಂದು ಫೋಟೋಗೋಸ್ಕರ ಅವಳ ಜೌಗನ್ನೇ ಕೊಟ್ಟುಬಿಟ್ಟೆಯಲ್ಲ ನೀನು."

ಎಲ್ವೀರಾಳ ಕಣ್ಣು ಪಕ್ಕದ ಸೀಟಿನ ಕ್ಯಾಮೆರಾ ಚೀಲದತ್ತ ಹೋಯಿತು. ಯಾರಿಗೂ ತೋರಿಸದ ಆ ಇನ್ನೊಂದು ಫೋಟೋ. ಪೈನ್ ಮರ. ಹಾರಿದ ಮರಿ. ಹೇಳಿದರೆ ಮುಗಿಯುತ್ತಿತ್ತು.

ಆದರೆ ಅವನು ಕೇಳಿದ್ದರೆ ತಾನೇ ಹೇಳುವುದು? ಹೌದಾ ಅಲ್ಲವಾ ಎಂದು ಒಂದು ಮಾತು ಕೇಳದೆ ತೀರ್ಪು ತಂದವನಿಗೆ ಏನು ಸಾಕ್ಷಿ ಕೊಡುವುದು...

"ನಿನಗೆ ಬಂದ ಕಾಗದ," ಎಂದು ವಿದ್ಯುತ್ ಬಿಲ್ಲನ್ನು ಅವನ ಕೈಗಿಟ್ಟು ಅವಳು ಗಾಜು ಏರಿಸಿದಳು. ಉಳಿದ ಹನ್ನೊಂದು ಡಬ್ಬಿಗಳಿಗೆ ಒಂದೊಂದಾಗಿ ಕಾಗದ ಹಾಕುವವರೆಗೂ ಅವನು ಅಲ್ಲೇ ನಿಂತಿದ್ದ. ಅವಳು ಅವನತ್ತ ತಿರುಗಲಿಲ್ಲ.

ಗುರುವಾರ ಬೆಳಿಗ್ಗೆ ಒಬ್ಬಳೇ ಜೌಗಿಗೆ ಹೋದಳು. ಬೂಟಿನ ಗುರುತುಗಳಲ್ಲಿ ನೀರು ನಿಂತಿತ್ತು. ಎರಡು ಗಂಟೆ ಮಲಗಿದ್ದರೂ ಮೂಸ್ ಬರಲಿಲ್ಲ. ಅಷ್ಟು ಜನ ತುಳಿದ ಮೇಲೆ ಅದು ಮರಿಗಳನ್ನು ಕರೆದುಕೊಂಡು ಎಲ್ಲಿಗೋ ಹೋಗಿತ್ತು. ಬಿಳಿ ಹೂವಿನ ಎಳೆಯೊಂದನ್ನು ಕಿತ್ತು ಗಾಳಿಗೆ ಬಿಟ್ಟಳು. ಅದು ಅವಳಿಂದ ದೂರ ಹಾರಿತು.

ಮನೆಗೆ ಬಂದು ಉಪ್ಪಿನ ಡಬ್ಬಿ ಎತ್ತಿ ಕಾಗದ ತೆಗೆದಳು. ಮುಂದುವರಿಯುವುದಿಲ್ಲ ಎಂಬ ಕಡೆ ಗುರುತು ಹಾಕಿದಳು, ಸಹಿ ಮಾಡಿದಳು, ಲಕೋಟೆ ಅಂಟಿಸಿದಳು.

*

ಶುಕ್ರವಾರ ಹಿಲ್ಡುರ್ ಅಜ್ಜಿಗೆ ಒಂದು ಪಾರ್ಸೆಲ್ ಇತ್ತು. ಡಬ್ಬಿಗೆ ಹಿಡಿಸುವಂಥದ್ದಲ್ಲ. ಮನೆಬಾಗಿಲಿಗೇ ಹೋಗಬೇಕಾಯಿತು.

ಮೆಟ್ಟಿಲ ಬಳಿ ಹಾಲ್ವಾರ್ ಸುತ್ತಿಗೆ ಹಿಡಿದು ಕೂತಿದ್ದ, ಒಂದು ಹಲಗೆ ರಿಪೇರಿ ಮಾಡುತ್ತ. ಅವಳನ್ನು ನೋಡಿ ಎದ್ದು ಪಕ್ಕಕ್ಕೆ ಸರಿದ.

"ಅಂಚೆಯವಳಾ? ಒಳಗೆ ಬಾ," ಅಡುಗೆಮನೆಯಿಂದ ದನಿ ಬಂತು. "ಕಾಫಿ ಆಗಿದೆ."

"ಕೆಲಸ ಇದೆ ಅಜ್ಜಿ. ಇಲ್ಲೇ ಇಟ್ಟು ಹೋಗ್ತೀನಿ."

"ಕೆಲಸ ಎಲ್ಲರಿಗೂ ಇದೆ. ಬಾ."

ಮೇಜಿನ ಬಳಿ ನೆರೆಮನೆಯ ಮುದುಕ ರೂಬೆನ್ ಕೂತಿದ್ದ. ಅವನ ಮುಂದೆ ಒಂದು ಗಾಜಿನ ಭರಣಿ, ಅದರ ತುಂಬ ಜೇನಿನ ಬಣ್ಣದ ಜಾಮ್. ಎಲ್ವೀರಾಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಾಲ್ವಾರ್ ಬಾಗಿಲಲ್ಲೇ ನಿಂತುಬಿಟ್ಟ.

"ನೋಡು," ಎಂದಳು ಹಿಲ್ಡುರ್, ನಮ್ಮ ಕಡೆಯ ರೂಢಿಯಂತೆ ಎಲ್ವೀರಾಳ ಲೋಟಕ್ಕೆ ಚೀಸಿನ ತುಂಡು ಹಾಕಿ ಮೇಲೆ ಬಿಸಿ ಕಾಫಿ ಸುರಿಯುತ್ತ. "ನನ್ನ ಜೌಗು ದೋಚಿ, ಅದರಲ್ಲೇ ಜಾಮ್ ಮಾಡಿ, ನನಗೇ ತಂದುಕೊಡ್ತಿದಾನೆ. ಇಂಥ ಧೈರ್ಯ ನೀನು ಮಾಲ್ಮೋದಲ್ಲಿ ನೋಡಿದೀಯಾ?"

"ಮರ್ಯಾದೆಗೆ ತಂದೆ," ಎಂದ ರೂಬೆನ್. "ಇಲ್ಲಾಂದ್ರೆ ಕಳ್ಳ ಅಂತೀಯ."

"ಈಗಲೂ ಕಳ್ಳನೇ."

"ಅರವತ್ತು ವರ್ಷ ಗಾಳ ಹೊತ್ಕೊಂಡು ಮೀನಿಗೆ ಹೋದೆ ನೀನು. ಒಂದು ಮೀನು ತಂದಿದ್ದು ನಾನು ನೋಡಿಲ್ಲ. ಸುಳ್ಳಿ ಯಾರು?"

"ಆ ಕೆರೇಲಿ ಮೀನಿಲ್ಲ."

"ಅದೇ ನಾನೂ ಹೇಳೋದು."

ಹಾಲ್ವಾರ್‌ಗೆ ತಡೆಯಲಾಗಲಿಲ್ಲ. "ನಗೋ ವಿಷಯಾನಾ ಇದು? ರೂಬೆನ್, ಆ ಫೋಟೋ ಬರದೇ ಇದ್ದಿದ್ರೆ ನಿನಗೆ ಜಾಗ ಸಿಗ್ತಿತ್ತಾ?"

ರೂಬೆನ್ ಲೋಟ ಕೆಳಗಿಟ್ಟ. "ಯಾವ ಫೋಟೋ?"

"ಪೇಪರ್‌ನಲ್ಲಿ ಬಂತಲ್ಲ. ಮೂಸ್ ಫೋಟೋ."

"ನಾನು ಪೇಪರಿನಲ್ಲಿ ತೀರಿಕೊಂಡೋರ ಪುಟ ಬಿಟ್ಟು ಬೇರೇನೂ ಓದಲ್ಲ," ಎಂದ ರೂಬೆನ್. "ನಾವು ಓದಿದ್ದು ನಿನ್ನ ಕಾರು."

ರೂಬೆನ್ ಎಲ್ವೀರಾಳತ್ತ ಕೈ ತೋರಿಸಿದ.

"ಈ ಹುಡುಗಿಯ ಕೆಂಪು ಕಾರು ಲಾರಿ ಮೈದಾನದಲ್ಲಿ ನಿಂತಿರೋದು ಊರಿಗೆಲ್ಲ ಗೊತ್ತಿತ್ತು. ಮೂಸ್ ನೋಡೋಕೆ ಹೋಗ್ತಾಳೆ, ಹೋಗಲಿ ಪಾಪ ಅಂತಿದ್ವಿ. ಆಮೇಲೆ ಒಂದಿನ ಪಕ್ಕದಲ್ಲಿ ನಿನ್ನ ಬೂದು ಕಾರು. ನಿಮ್ಮ ಮನೆತನದ ಕಾರು, ಸರಿಯಾದ ದಾರಿಯಲ್ಲಿ! ಮೊದಲ ದಿನ ನಾವು ಪ್ರೀತಿ ಅಂದ್ಕೊಂಡ್ವಿ. ಎರಡನೇ ದಿನಾನೂ ಪ್ರೀತಿನೇ ಅಂದ್ಕೊಂಡ್ವಿ. ಮೂರನೇ ದಿನ ನನ್ನ ಹೆಂಡತಿ ಕಾರಿನೊಳಗೆ ಬಗ್ಗಿ ನೋಡಿ ಬಂದು ಹೇಳಿದ್ಲು, ರೂಬೆನ್, ಹಿಂದಿನ ಸೀಟೆಲ್ಲ ಹಣ್ಣಿನ ರಸ, ಪ್ರೀತಿ ಮಾಡೋಕೆ ಯಾರೂ ಬಕೆಟ್ ತಗೊಂಡು ಹೋಗಲ್ಲ ಅಂತ."

ಹಿಲ್ಡುರ್ ಮೇಜಿನ ಡ್ರಾಯರ್‌ನಿಂದ ಮಂಗಳವಾರದ ಪತ್ರಿಕೆ ತೆಗೆದು, ಭೂತಗನ್ನಡಿಯ ಜೊತೆ ಮೊಮ್ಮಗನ ಕಡೆ ತಳ್ಳಿದಳು.

"ಇದರಲ್ಲಿ ನಮ್ಮ ಜೌಗು ಎಲ್ಲಿದೆ, ತೋರಿಸು."

ಹಾಲ್ವಾರ್ ಬಗ್ಗಿ ನೋಡಿದ. ಈ ಮೂರು ದಿನದಲ್ಲಿ ಅವನು ಆ ಫೋಟೋವನ್ನು ನಿಜವಾಗಿ ನೋಡಿದ್ದು ಇದೇ ಮೊದಲು. ಮೂಸ್. ನೀರು. ಮಂಜು. ಮತ್ತೆ ಏನೂ ಇಲ್ಲ.

"ನಾನು ಅರವತ್ತು ವರ್ಷ ನಡೆದ ಜಾಗ," ಎಂದಳು ಹಿಲ್ಡುರ್. "ನನಗೇ ಗುರುತು ಸಿಗಲಿಲ್ಲ. ಇಷ್ಟು ಹುಷಾರಾಗಿ ಜಾಗ ಮುಚ್ಚಿಟ್ಟೋರನ್ನ ನಾನು ನಮ್ಮ ಮನೇಲೂ ಕಂಡಿಲ್ಲ. ಇದು ಬೇಕಂತ ಆರಿಸಿದ್ದು, ಅಲ್ವೇನೇ?"

ಎಲ್ವೀರಾಳ ಕಣ್ಣು ತುಂಬಿ ಬಂತು. ಕ್ಯಾಮೆರಾ ಚೀಲದಿಂದ ಒಂದು ಫೋಟೋ ತೆಗೆದು ಅಜ್ಜಿಯ ಮುಂದಿಟ್ಟಳು. ಹಾರಿದ ಮರಿ. ಪೈನ್ ಮರ. ಕೆಂಡದಂಥ ಹಣ್ಣುಗಳು.

ಹಿಲ್ಡುರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಯ ಸಲ ಅಲ್ಲಿಗೆ ಹೋಗಿ ಏಳು ವರ್ಷವಾಗಿತ್ತು.

"ಮರ ಇನ್ನೂ ಬಿದ್ದಿಲ್ಲ," ಎಂದಳು, ತನಗೆ ತಾನೇ.

ರೂಬೆನ್ ಇಣುಕಲು ಬಂದಾಗ ಫೋಟೋ ಮಗುಚಿ ಹಾಕಿದಳು. ಅಭ್ಯಾಸಬಲ.

"ಫೋಟೋ ನಿಮಗೇ," ಎಂದು ಎಲ್ವೀರಾ ಎದ್ದಳು. "ನನಗೆ ಇನ್ನೂ ಅರ್ಧ ಊರು ಬಾಕಿ ಇದೆ."

ಬಾಗಿಲಲ್ಲಿ ಹಾಲ್ವಾರ್ ನಿಂತಿದ್ದ. "ಎಲ್ವೀರಾ..."

"ದಾರಿ ಬಿಡು. ಅಂಚೆ ತಡ ಆಗುತ್ತೆ."

ಅವನು ದಾರಿ ಬಿಟ್ಟ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಕತ್ತೆ. ಬಾಗಿಲಿಗೆ ಅಂಟ್ಕೊಂಡು ನಿಂತರೆ ಏನು ಬಂತು?"

*

ಎಲ್ವೀರಾ ಬಾಡಿಗೆಗಿದ್ದ ಮನೆ ಊರಿನ ನಟ್ಟನಡುವೆ, ಅಂಗಡಿಯ ಎದುರಿಗೇ ಇತ್ತು. ಸಂಜೆ ಆರಕ್ಕೆ ಬೂದು ಕಾರು ಬಂದು ಅಲ್ಲಿ ನಿಂತಿತು. ಅಂಗಡಿಯ ಕಿಟಕಿಯಲ್ಲಿ ಎರಡು ತಲೆ ತಿರುಗಿದವು.

ಅವಳು ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ.

ಹಾಲ್ವಾರ್‌ನ ಪ್ಯಾಂಟು ತೊಡೆಯವರೆಗೂ ಒದ್ದೆ. ಕೆನ್ನೆಯಲ್ಲಿ ಕೊಂಬೆ ಗೀರಿದ ಗಾಯ. ಮೊಬೈಲ್ ತೆಗೆದು ಅವಳ ಮುಂದೆ ಹಿಡಿದ.

ಪರದೆಯ ಮೇಲೆ ಒಂದು ಕಂದು ಕಲೆ. ಅದರ ಪಕ್ಕ ಇನ್ನೆರಡು ಚಿಕ್ಕ ಕಲೆ. ಅರ್ಧಕ್ಕೆ ಅವನದೇ ಹೆಬ್ಬೆರಳು.

"ಏನಿದು? ಬಂಡೆಯಾ?"

"ಮೂಸ್," ಎಂದ ಅವನು. "ನಿನ್ನ ಮೂಸ್. ಕೆರೆಯ ಆ ಕಡೆ, ಬರ್ಚ್ ಗುಡ್ಡದ ಕೆಳಗೆ ಹೋಗಿದೆ. ಮರಿಗಳೂ ಇವೆ. ಎರಡೂ. ಮಧ್ಯಾಹ್ನದಿಂದ ಹುಡುಕಿದೆ. ಅದು ನಿನ್ನಿಂದ ದೂರ ಆಗಿದ್ದೂ ನನ್ನಿಂದಾನೇ ಅಲ್ವಾ..."

ಅವಳು ಮೊಬೈಲ್ ಕೈಗೆ ತೆಗೆದುಕೊಂಡಳು. ಕಲೆಯನ್ನು ದೊಡ್ಡದು ಮಾಡಿದಳು. ಇನ್ನಷ್ಟು ದೊಡ್ಡದು. ಮಸುಕಿನೊಳಗೆ ಒಂದು ಕಿವಿ ಕಂಡಿತು, ಸೀಳು ಕಿವಿ.

"ಗಾಳಿ ನೋಡಿದ್ಯಾ?"

"ನೋಡಿದೆ."

"ತಾಯಿಗೂ ಮರಿಗೂ ಮಧ್ಯ ಹೋಗಲಿಲ್ಲ ತಾನೇ?"

"ಸ್ವಲ್ಪ ಹೋದೆ," ಎಂದ. "ಕಾಲು ಹಿಡಿದು ಎಳೆಯೋಕೆ ಯಾರೂ ಇರಲಿಲ್ಲ."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಸಾಧ್ಯವಾಗಲಿಲ್ಲ. ಆದರೂ ಬಾಗಿಲು ಅರ್ಧವೇ ತೆರೆದಿತ್ತು.

"ನೀನು ನನ್ನ ಕೇಳಲೇ ಇಲ್ಲ, ಹಾಲ್ವಾರ್. ಒಂದು ಸಲ ಕೇಳಬಹುದಿತ್ತು."

"ತಪ್ಪು ನಂದು. ನಾನು ಜಾಗ ಬಚ್ಚಿಡೋದು ಕಲಿತವನು. ಕೇಳೋದು ನಮ್ಮ ಮನೇಲಿ ಯಾರೂ ಕಲಿಸಲಿಲ್ಲ." ಅವನು ಒದ್ದೆ ಬೂಟು ನೋಡುತ್ತ ನಿಂತ. "ಕ್ಷಮಿಸು ಅಂತ ಕೇಳೋಕೆ ಬಂದೆ. ಅಷ್ಟೇ."

"ಅಷ್ಟೇನಾ?"

ಅವನು ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸಿದ.

"ಆ ದಿನ ಯಾಕೆ ಅಲ್ಲಿ ಕಾರು ನಿಲ್ಲಿಸಿದೆ?" ಎಂದು ಕೇಳಿದಳು ಎಲ್ವೀರಾ. "ಅರವತ್ತು ವರ್ಷ ನಿಮ್ಮ ಮನೇಲಿ ಯಾರೂ ಮಾಡದ ಕೆಲಸ ನೀನ್ಯಾಕೆ ಮಾಡಿದೆ? ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಅಂಗಡಿಯ ಕಿಟಕಿಯಲ್ಲಿ ಈಗ ಮೂರು ತಲೆ.

"ಕೆರೆ ಸುತ್ತಿ ನಡೆದು ಬಂದ್ರೆ ನೀನು ಹೊರಡೋ ಹೊತ್ತಾಗ್ತಿತ್ತು," ಎಂದ ಹಾಲ್ವಾರ್. "ಎರಡು ದಿನ ಹಾಗೇ ಆಯ್ತು. ಮೂರನೇ ದಿನ ಕವಲುದಾರಿಗೆ ಬಂದಾಗ ನಿನ್ನ ಕಾರಿನ ದೀಪ ಮುಂದೆ ಹೋಗ್ತಾ ಇತ್ತು. ನಾನು ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಜೌಗು ಹೋದ್ರೆ ಹೋಗಲಿ ಅಂತ ಕೂಡ ಯೋಚನೆ ಮಾಡಲಿಲ್ಲ. ಯೋಚನೆನೇ ಮಾಡಲಿಲ್ಲ. ಆ ಒಂದು ಗಂಟೆ ಬೇಕಿತ್ತು ನನಗೆ. ಈಗಲೂ ಬೇಕು."

ಎಲ್ವೀರಾ ಮೊಬೈಲನ್ನು ಅವನ ಕೈಗೆ ಮರಳಿ ಕೊಟ್ಟಳು.

ಅವನು ಗಂಟಲು ಸರಿಮಾಡಿಕೊಂಡ. "ಅವತ್ತು ಹೇಳಿದ್ಯಲ್ಲ, ಆ ಕೆಲಸದ ಕಾಗದ... ಕಳಿಸಿಬಿಟ್ಯಾ?"

ಅವಳು ಒಳಗೆ ಹೋಗಿ ಅಂಚೆ ಚೀಲ ತಂದಳು. ತಳದಿಂದ ಲಕೋಟೆ ತೆಗೆದಳು. ಎರಡು ದಿನ ಊರೆಲ್ಲ ಸುತ್ತಿ ಅದರ ಮೂಲೆಗಳು ಮಡಚಿಹೋಗಿದ್ದವು. ಎಷ್ಟೋ ಸಲ ಅಂಚೆ ಪೆಟ್ಟಿಗೆಯ ಎದುರು ಕಾರು ನಿಲ್ಲಿಸಿ, ಕೈಯಲ್ಲಿ ಹಿಡಿದು, ಮತ್ತೆ ಚೀಲಕ್ಕೇ ಹಾಕಿದ್ದಳು.

"ಕಾಗದ ಕೊಟ್ಟಿದ್ದು ಅಂಚೆಯವಳ ಕೈಗೆ," ಎಂದಳು. "ಅವಳು ಇನ್ನೂ ಹಾಕಿಲ್ಲ."

"ಏನು ಬರೆದಿದೀಯ ಅದರಲ್ಲಿ?"

"ಇರಲ್ಲ ಅಂತ."

ಅವನ ಮುಖದ ಬಣ್ಣ ಇಳಿಯಿತು. ಅವಳು ಲಕೋಟೆಯನ್ನು ಎರಡಾಗಿ ಹರಿದಳು, ಮತ್ತೆ ನಾಲ್ಕಾಗಿ. ತುಂಡುಗಳನ್ನು ಅವನ ಅಂಗಿಯ ಜೇಬಿಗೆ ತುರುಕಿದಳು.

"ಆಫೀಸು ಏಳರವರೆಗೂ ಇರುತ್ತೆ. ಫೋನ್ ಮಾಡಿ ಹೇಳ್ತೀನಿ, ಹೊಸ ಕಾಗದ ಆಮೇಲೆ."

"ಇರ್ತೀಯಾ?" ಎಂದು ಕೇಳಿದ ಅವನು. ದನಿ ಅವನದೇ ಎಂದು ಅನ್ನಿಸದಷ್ಟು ಸಣ್ಣಗಿತ್ತು. "ಸೆಪ್ಟೆಂಬರ್... ಚಳಿಗಾಲ... ಎಲ್ಲ? ನನ್ನ ಜೊತೆ?"

ಎಲ್ವೀರಾ ತುಟಿ ಚೂಪು ಮಾಡಿದಳು. ಉಸಿರನ್ನು ಸರಕ್ಕನೆ ಒಳಗೆಳೆದಳು.

ಅಷ್ಟು ಚೆನ್ನಾಗೇನೂ ಬರಲಿಲ್ಲ. ಕೊನೆಯಲ್ಲಿ ಸ್ವಲ್ಪ ಸಿಳ್ಳೆ ಹೊಡೆದ ಹಾಗಾಯಿತು.

"ಏನಾಯ್ತು," ಎಂದ ಹಾಲ್ವಾರ್, ಕಣ್ಣು ಒರೆಸಿಕೊಳ್ಳುತ್ತ, "ಏನಾದ್ರೂ ಚುಚ್ಚಿತಾ?"

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಒಲೆಯ ಮೇಲೆ ಕಾಫಿ ಕುದಿಯುವ ವಾಸನೆ ಬರುತ್ತಿತ್ತು. ಅವನು ಹೊಸ್ತಿಲಲ್ಲಿ ಒಂದು ಕಾಲಿಟ್ಟು, ಏನೋ ನೆನಪಾದವನಂತೆ ಹಿಂದೆ ತಿರುಗಿದ. ಅಂಗಡಿಯ ಕಿಟಕಿಯಲ್ಲಿ ನಾಲ್ಕು ತಲೆ. ಅದರಲ್ಲಿ ಒಂದು ರೂಬೆನ್‌ನ ಹೆಂಡತಿಯದು.

"ಒಂದು ನಿಮಿಷ," ಎಂದು ಜೇಬಿನಿಂದ ಕೀ ತೆಗೆದ. "ಕಾರು ಗರಗಸದ ಮಿಲ್ಲಿನ ಹಿಂದೆ ನಿಲ್ಲಿಸಿ ನಡ್ಕೊಂಡು ಬರ್ತೀನಿ. ಇಲ್ಲೇ ಇದ್ರೆ ನಾಳೆ ಹೊತ್ತಿಗೆ ಇಡೀ ಊರು ಓದಿ ಮುಗಿಸಿರುತ್ತೆ."

ಎಲ್ವೀರಾ ಅವನ ಕೈಯಿಂದ ಕೀ ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು.

"ಬೇಡ," ಎಂದಳು.